ಗವಾನ್ ಮದರಸಾದ ಎದುರು ಕಣ್ಣು ಪಳಗಿಸುವ ಬಗೆ

ಬೀದರ್‌ನ ಮಹಮೂದ್ ಗವಾನ್ ಮದರಸಾದ ಎದುರಿಗೆ ಬೆಳಿಗ್ಗೆ ಎಂಟರೊಳಗೆ ಹೋಗಿ ನಿಲ್ಲಿ. 1472ರ ಈ ಕಟ್ಟಡದ ಮುಖ ಪೂರ್ವಕ್ಕಿದೆ. ಎಳೆಬಿಸಿಲು ನೇರವಾಗಿ ಬಣ್ಣದ ಟೈಲ್ಸ್ ಮೇಲೆ ಬೀಳುತ್ತದೆ. ಮಧ್ಯಾಹ್ನ ಹೋದರೆ ಬಣ್ಣವೆಲ್ಲ ಪೇಲವ.

ಮೊದಲ ಒಂದು ನಿಮಿಷ ರಸ್ತೆಯನ್ನೇ ನೋಡಿ: ಜೋತುಬಿದ್ದ ವಯರು, ಪ್ಲಾಸ್ಟಿಕ್ ಚೀಲ, ಗುಟ್ಕಾ ಕಲೆ. ಕಂಡೂ ಕಾಣದಂತಿರಲು ಹಟ ಹಿಡಿದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಓಡುತ್ತದೆ.

ಆಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ಉಳಿದಿರುವ ಒಂದೇ ಮಿನಾರಿನಲ್ಲಿ ಒಂದು ಸಣ್ಣ ಜಾಗ ಆರಿಸಿ. ಸಡಿಲ ಮುಷ್ಟಿಯನ್ನು ಕೊಳವೆಯಂತೆ ಕಣ್ಣಿಗೆ ಹಿಡಿದರೆ ಸುತ್ತಲಿನದು ಮರೆಯಾಗುತ್ತದೆ. ಹತ್ತು ನಿಮಿಷ ಅಲ್ಲೇ ಇರಿ. ಮೊದಲು ಬರೀ ನೀಲಿ ಕಂಡೀತು. ನಿಧಾನಕ್ಕೆ ಅಂಕುಡೊಂಕು ಪಟ್ಟೆಗಳು ಬಿಡಿಬಿಡಿಯಾಗುತ್ತವೆ, ನಡುವೆ ಟೈಲ್ ಉದುರಿದ ಬೋಳು ಜಾಗವೂ. ಅದನ್ನು ದಾಟಿಹೋಗಬೇಡಿ! ಪಟ್ಟೆ ಎಲ್ಲಿ ನಿಂತಿತೋ ಅಲ್ಲಿಂದ ಮನಸ್ಸಿನಲ್ಲೇ ಮುಂದುವರಿಸಿ. ವಿನ್ಯಾಸದ ಲೆಕ್ಕ ಆಗಲೇ ಕೈಗೆ ಸಿಗುವುದು.

ಮೊಬೈಲ್ ಜೇಬಿನಲ್ಲಿರಲಿ. ಫೋಟೊ ತೆಗೆದ ಕೂಡಲೇ ‘ನೋಡಿಯಾಯ್ತು’ ಅನಿಸಿಬಿಡುತ್ತದೆ, ಬಹಳ ಜನ ಎಡವುವುದು ಇಲ್ಲೇ.

ಮನೆಯ ಅಭ್ಯಾಸಕ್ಕೆ ಬಿದರಿ ಹೂದಾನಿ ಸಾಕು; ಬಿದರಿ ಎಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕಸುಬು. ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬೀದರ್ ಕೋಟೆಯ ಮಣ್ಣು ಸತು-ತಾಮ್ರದ ಮೈಯನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಕಿಟಕಿ ಬೆಳಕಿನಲ್ಲಿ ನಿಧಾನಕ್ಕೆ ತಿರುಗಿಸುತ್ತ ಒಂದೇ ಬಳ್ಳಿಯನ್ನು ಬುಡದಿಂದ ತುದಿವರೆಗೆ ಹಿಂಬಾಲಿಸಿ.