ರಿಗ್ಲಿ ಫೀಲ್ಡ್ ಪಕ್ಕ ಮನೆ ಮಾಡುವವರಿಗೆ

ಶಿಕಾಗೊಗೆ ಬರುವ ನಮ್ಮವರು ಹೆಚ್ಚಾಗಿ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಮನೆ ನೋಡುತ್ತಾರೆ. ಆಫೀಸು ಡೌನ್‌ಟೌನ್‌ನಲ್ಲಿದ್ದು, ಕಾರು ಇನ್ನೂ ತಗೊಂಡಿಲ್ಲ ಅಂದರೆ ಊರೊಳಗಿನ ಲೇಕ್‌ವ್ಯೂ ಕೂಡ ಚೆನ್ನಾಗಿಯೇ ಇದೆ. ಅದರಲ್ಲಿ ಕಬ್ಸ್ ತಂಡದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್ ಸುತ್ತಲಿನ ಬೀದಿಗಳಿಗೆ ರಿಗ್ಲಿವಿಲ್ ಅಂತ ಹೆಸರು. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಬ್ಸ್ ತಂಡದ ವೇಳಾಪಟ್ಟಿಯನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಒಂದು ಸೀಸನ್‌ಗೆ 81 ತವರು ಪಂದ್ಯ. ಐಪಿಎಲ್ ದಿನ ಚಿನ್ನಸ್ವಾಮಿ ಸ್ಟೇಡಿಯಂ ಪಕ್ಕ ಸಿಕ್ಕಿಕೊಂಡವರಿಗೆ ಆ ಗದ್ದಲ ಗೊತ್ತು. ಅಲ್ಲಿ ವರ್ಷಕ್ಕೆ ಏಳೆಂಟು ಸಂಜೆ, ಇಲ್ಲಿ ಬೇಸಿಗೆಯ ಹತ್ತಿರ ಹತ್ತಿರ ಅರ್ಧ ದಿನಗಳು.

ಮೈದಾನ 1914ರದ್ದು. ಸುತ್ತ ದೊಡ್ಡ ಪಾರ್ಕಿಂಗ್ ಬಯಲಿಲ್ಲ, ಮನೆಗಳ ಮಧ್ಯೆಯೇ ಕೂತಿದೆ. ಮೊದಲು ಮಾಲೀಕರಿಗೇ ಬೇಡವಾಗಿ, ಆಮೇಲೆ ಅಕ್ಕಪಕ್ಕದವರ ವಿರೋಧದಿಂದ 1988ರ ತನಕ ಇಲ್ಲಿ ರಾತ್ರಿ ದೀಪವೇ ಇರಲಿಲ್ಲ. ಕೊನೆಗೆ ಆಗಸ್ಟ್ 8ರಂದು ದೀಪ ಹಚ್ಚಿದರೆ ಮಳೆ ಬಂದು ಪಂದ್ಯ ನಿಂತುಹೋಯಿತು! ರಾತ್ರಿ ಪಂದ್ಯಗಳಿಗೆ ನಗರಾಡಳಿತ ಇವತ್ತಿಗೂ ಮಿತಿ ಇಟ್ಟಿದೆ. ಹಾಗಾಗಿ ಶುಕ್ರವಾರದ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 1:20ಕ್ಕೆ ಶುರು. ಮುಗಿಯುವುದು ನಾಲ್ಕರ ಆಸುಪಾಸು, ನೀವು ಶಾಲೆಯಿಂದ ಮಕ್ಕಳನ್ನು ಕರೆತರುವ ಹೊತ್ತಿಗೆ.

ಅಂಥ ದಿನ ರೆಡ್ ಲೈನ್ ರೈಲಿನ ಅಡಿಸನ್ ಸ್ಟೇಷನ್ ಕಡೆ ತಲೆ ಹಾಕಬೇಡಿ. ಒಂದು ಸ್ಟೇಷನ್ ಮುಂದೆ, ಶೆರಿಡನ್‌ನಲ್ಲಿ ಇಳಿದು ನಡೆದು ಬನ್ನಿ. ಅಲ್ಲಿ ಲಿಫ್ಟ್ ಇಲ್ಲ. ಮಗುವಿನ ತಳ್ಳುಗಾಡಿ ಇದ್ದರೆ, ಅಥವಾ ಊರಿಂದ ಬಂದ ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಬ್ರೌನ್ ಲೈನಿನ ಸೌತ್‌ಪೋರ್ಟ್ ವಾಸಿ.

ಕಾರು ಇಟ್ಟುಕೊಂಡವರ ಪಾಡು ಬೇರೆ. ಹೊಸದಾಗಿ ಬಂದ 30 ದಿನದೊಳಗೆ ಸಿಟಿ ಸ್ಟಿಕ್ಕರ್ (ನಗರದ ವಾಹನ ಶುಲ್ಕದ ಚೀಟಿ) ಮಾಡಿಸಿ. ರಾತ್ರಿ ಪಂದ್ಯವಿದ್ದರೆ ಸಂಜೆ 5ರಿಂದ 10ರ ತನಕ ಸುತ್ತಲಿನ ವಸತಿ ಬೀದಿಗಳಲ್ಲಿ ಪರ್ಮಿಟ್ ಇಲ್ಲದ ಕಾರು ನಿಲ್ಲಿಸುವಂತಿಲ್ಲ. ಊಟಕ್ಕೆ ಕರೆದ ಸ್ನೇಹಿತರ ಕಾರಿಗೂ ಇದೇ ನಿಯಮ. ಟೋ ಆದ ಕಾರನ್ನು ಬಿಡಿಸಿಕೊಳ್ಳುವ ದುಡ್ಡಿನಲ್ಲಿ ಇನ್ನೊಂದು ಊಟ ಹಾಕಿಸಬಹುದು. ಚಳಿಗಾಲದಲ್ಲಿ ಇನ್ನೊಂದು ಕಾಟ: ಡಿಸೆಂಬರ್ 1ರಿಂದ ಏಪ್ರಿಲ್ 1ರ ತನಕ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ಪಾರ್ಕಿಂಗ್ ಇಲ್ಲ, ಹಿಮ ಬಿದ್ದಿರಲಿ ಬಿಡಲಿ. ಹಿಮ ಬಿದ್ದ ಮೇಲೆ ಬೀದಿಯಲ್ಲಿ ಹಳೇ ಕುರ್ಚಿ ಕಂಡರೆ ಪಕ್ಕಕ್ಕೆ ಸರಿಸಬೇಡಿ. ಯಾರೋ ಹಿಮ ಎತ್ತಿ ತಮ್ಮ ಕಾರಿಗೆ ಜಾಗ ಹಿಡಿದಿದ್ದಾರೆ. ಕಾನೂನಿಗಿಂತ ಗಟ್ಟಿಯಾದ ಪದ್ಧತಿ ಅದು.

ಮನೆಗಳು ಹೆಚ್ಚಿನವು ಹಳೆಯವು. ಎರಡು ಮೂರು ಅಂತಸ್ತು, ಮುಂದೆ ಬೂದು ಕಲ್ಲು, ಹಿಂದೆ ಮರದ ಮೆಟ್ಟಿಲು. ನೋಡಲು ಚೆಂದ, ಆದರೆ ಪರೀಕ್ಷೆ ಮಾಡಿಯೇ ಒಪ್ಪಿ. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಕಳಿಸುತ್ತದೋ, ಸುಮ್ನೆ ಅಡುಗೆಮನೆಯಲ್ಲೇ ಸುತ್ತಿಸುತ್ತದೋ ಕೇಳಿ. ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರ್ಮ್ ಕೂಗಿಕೊಂಡರೆ ಕಾರಣ ಅದೇ. ಬಟ್ಟೆ ಒಗೆಯುವ ಯಂತ್ರ ಬೇಸ್‌ಮೆಂಟಿನಲ್ಲಿದೆಯೋ, ಬೀದಿಯಾಚೆಯ ಲಾಂಡ್ರಿಗೆ ಹೊರಬೇಕೋ ನೋಡಿ. ರೇಡಿಯೇಟರ್ ಬಿಸಿ ಮಾಲೀಕರ ಕೈಯಲ್ಲಿದ್ದರೆ ಶಿಕಾಗೊ ನಿಯಮ ನೆನಪಿರಲಿ: ಸೆಪ್ಟೆಂಬರ್ 15ರಿಂದ ಜೂನ್ 1ರ ತನಕ ಮನೆಯೊಳಗೆ ಹಗಲು 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಇರಲೇಬೇಕು. ಮಕ್ಕಳಿದ್ದರೆ ಕ್ಲಾರ್ಕ್ ಬೀದಿಯ ಬಾರುಗಳಿಂದ ದೂರ, ಪಶ್ಚಿಮಕ್ಕೆ ಸೌತ್‌ಪೋರ್ಟ್ ಕಡೆ ಹುಡುಕಿ. ರಾತ್ರಿ ಹೇಗಿರುತ್ತದೆ ಅಂತ ತಿಳಿಯಲು ಸ್ಕೋರ್‌ಬೋರ್ಡ್ ಮೇಲಿನ ಬಾವುಟ ನೋಡಿದರೆ ಸಾಕು. ಬಿಳಿ ಬಾವುಟದಲ್ಲಿ ನೀಲಿ ಡಬ್ಲ್ಯೂ ಇದ್ದರೆ ಕಬ್ಸ್ ಗೆದ್ದಿದೆ, ಗಲಾಟೆ ಜಾಸ್ತಿ. ನೀಲಿಯಲ್ಲಿ ಬಿಳಿ ಎಲ್ ಇದ್ದರೂ ಪೂರ್ತಿ ನೆಮ್ಮದಿ ಅಂತೇನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಇಲ್ಲಿರಿ ಅನ್ನುತ್ತೇವೆ. ಕಾರಣ ಕಾಲ್ನಡಿಗೆ. ಮೈದಾನದಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಆಲ್ಟಾ ವಿಸ್ಟಾ ಟೆರೇಸ್ ಎಂಬ ಒಂದೇ ಬ್ಲಾಕಿನ ಬೀದಿ ಇದೆ. 1904ರ ಸುಮಾರಿಗೆ ಕಟ್ಟಿದ 40 ಮನೆಗಳು. ಪ್ರತಿ ಮನೆಗೂ ಬೀದಿಯ ಎದುರು ಸಾಲಿನಲ್ಲಿ, ಇನ್ನೊಂದು ತುದಿಯ ಕಡೆಯಿಂದ ಎಣಿಸಿದರೆ ಒಂದು ಜೋಡಿ ಸಿಗುತ್ತದೆ. ಮಕ್ಕಳಿಗೆ ಜೋಡಿ ಹುಡುಕಲು ಹೇಳಿ, ಅರ್ಧ ಗಂಟೆ ನಿಮ್ಮ ಗೋಜಿಗೆ ಬರುವುದಿಲ್ಲ. ಅಲ್ಲಿಂದ ಇನ್ನೂ ಉತ್ತರಕ್ಕೆ ಗ್ರೇಸ್‌ಲ್ಯಾಂಡ್ ಸ್ಮಶಾನ. ಸ್ಮಶಾನಕ್ಕೆ ವಾಕಿಂಗ್ ಹೋಗೋದಾ ಅಂತ ಅಜ್ಜಿ ತಾತ ಹುಬ್ಬೇರಿಸಬಹುದು. ಆದರೆ ಮರ, ಕೊಳ, ಹಕ್ಕಿ ಎಲ್ಲ ಇರುವ ಶಾಂತ ಜಾಗ. ಪ್ರವೇಶ ಉಚಿತ. ಈ ಊರನ್ನು ಕಟ್ಟಿದ ವಾಸ್ತುಶಿಲ್ಪಿಗಳಾದ ಲೂಯಿ ಸಲಿವನ್, ಡೇನಿಯಲ್ ಬರ್ನಮ್ ಅವರ ಸಮಾಧಿಗಳು ಅಲ್ಲೇ ಇವೆ.

ಪಂದ್ಯದ ಟಿಕೆಟ್ ದುಬಾರಿ ಅನ್ನಿಸಿದರೆ ವೇವ್‌ಲ್ಯಾಂಡ್ ಬೀದಿಗೆ ಹೋಗಿ. ಮೈದಾನ ದಾಟಿ ಹಾರಿ ಬರುವ ಚೆಂಡಿಗಾಗಿ ಗ್ಲೌಸ್ ಹಾಕಿಕೊಂಡು ಕಾಯುವವರು ಅಲ್ಲಿರುತ್ತಾರೆ. ಆಟ ಅರ್ಥವಾಗದಿದ್ದರೆ ಅವರನ್ನೇ ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.

ದಿನಸಿಗೆ ಡೆವಾನ್ ಅವೆನ್ಯೂ. ರೆಡ್ ಲೈನಿನಲ್ಲಿ ಲೊಯೋಲಾ ತನಕ, ಅಲ್ಲಿಂದ 155 ನಂಬರ್ ಬಸ್. ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಲೆಮಾಂಟ್ ಮತ್ತು ಅರೋರಾದ ದೇವಸ್ಥಾನಗಳಿಗೆ ಕಾರಿಲ್ಲದೆ ಕಷ್ಟ. ನೇಪರ್‌ವಿಲ್ ಕಡೆ ಕಾರ್ಯಕ್ರಮವಿದ್ದರೆ ಯೂನಿಯನ್ ಸ್ಟೇಷನ್‌ನಿಂದ ಬಿಎನ್‌ಎಸ್‌ಎಫ್ ಮಾರ್ಗದ ಮೆಟ್ರಾ (ಉಪನಗರ) ರೈಲು ಹಿಡಿದು, ಎಷ್ಟು ಗಂಟೆಗೆ ಇಳಿಯುತ್ತೀರಿ ಅಂತ ಮೊದಲೇ ತಿಳಿಸಿ. ಸ್ಟೇಷನ್‌ಗೆ ಬಂದು ಕರೆದುಕೊಂಡು ಹೋಗಲು ನಮ್ಮವರು ಯಾರಾದರೂ ಸಿಗುತ್ತಾರೆ. ವಾಪಸ್ ಹೊರಡುವ ಮುನ್ನ ಆ ಸಂಜೆ ಪಂದ್ಯ ಇದೆಯಾ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ.