ಕಾರಿನ ಸಂಪ್ ಸೋರಿಕೆ ನಿಂತಿದ್ದು ಹೀಗೆ

ದಿನಾ ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಕಾರಿನ ಕೆಳಗೆ ಅಂಗೈ ಅಗಲದ ಆಯಿಲ್ ಕಲೆ. ಮೂರು ತಿಂಗಳ ಹಿಂದಷ್ಟೇ ಗ್ಯಾರೇಜಿನಲ್ಲಿ ಸಂಪ್‌ಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತಟ್ಟೆಗೆ, ಸಂದಿ ಮುಚ್ಚುವ ಹೊಸ ಪೇಸ್ಟ್ ಹಾಕಿಸಿದ್ದೆ. ಈ ಸಲ ನಾನೇ ಬಿಚ್ಚಿದೆ. ನೋಡಿದರೆ ಎದೆ ಧಸಕ್ ಎಂದಿತು. ಯದ್ವಾತದ್ವಾ ಮೆತ್ತಿದ್ದ ಸಿಲಿಕೋನ್ ಒಳಕ್ಕೆ ಉಬ್ಬಿ, ಒಂದು ಚೂರು ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಅಂಟಿತ್ತು. ಜಾಲರಿ ಪೂರ್ತಿ ಮುಚ್ಚಿದ್ದರೆ ಇಂಜಿನ್ನೇ ಹೋಗುತ್ತಿತ್ತು, ಅಲ್ವಾ?

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಲ್ಲಿ "ಗ್ಯಾಸ್ಕೆಟ್ ಪೇಸ್ಟ್ ಕೊಡಿ" ಎಂದೆ. "ಸಂಪ್‌ಗಾ, ಗೇರ್‌ಬಾಕ್ಸ್‌ಗಾ ಸಾರ್?" ಎಂದರು ಅಂಗಡಿಯವರು. ಸರಿಯಾದ ಪ್ರಶ್ನೆ. ತಗಡಿನ ಸಂಪ್ ಸ್ವಲ್ಪ ಬಾಗುತ್ತದೆ. ಅದಕ್ಕೆ ರಬ್ಬರಿನಂತೆ ಹಿಗ್ಗುವ ಆರ್‌ಟಿವಿ ಸಿಲಿಕೋನ್ ಬೇಕು, ಅದು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಗೇರ್‌ಬಾಕ್ಸಿನ ಅಲ್ಯುಮಿನಿಯಂ ಹೋಳುಗಳು ನುಣ್ಣಗೆ, ಬಿಗಿಯಾಗಿ ಕೂರುತ್ತವೆ. ಅಲ್ಲಿಗೆ ಅನೇರೋಬಿಕ್ ಪೇಸ್ಟ್. ಗಾಳಿ ಸಿಗದ ಕಡೆ, ಲೋಹದ ನಡುವೆ ಮಾತ್ರ ಅದು ಗಟ್ಟಿಯಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಲೋಹ ತಿನ್ನುತ್ತದೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೂ ಒಳ್ಳೆಯದಲ್ಲ. ಸೆನ್ಸರ್ ಸೇಫ್ ಎಂದು ಬರೆದದ್ದನ್ನೇ ತಂದೆ.

ಹಳೇ ಪೇಸ್ಟ್ ಕೆರೆಯುವುದಕ್ಕೇ ಅರ್ಧ ದಿನ ಹೋಯಿತು. ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದೆ. ಎಣ್ಣೆಯ ಜಿಡ್ಡು ಉಳಿದರೆ ಯಾವ ದುಬಾರಿ ಟ್ಯೂಬೂ ಹಿಡಿಯದು. ಆಮೇಲೆ 2–3 ಮಿ.ಮೀ. ದಪ್ಪದ ಪೇಸ್ಟಿನ ಎಳೆ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತಲೂ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆ. 24 ಗಂಟೆ ಬಿಟ್ಟು ಆಯಿಲ್ ಹಾಕಿದೆ.

ಕೆಳಗೆ ಹಾಸಿದ ರಟ್ಟು ಎರಡು ವಾರವಾದರೂ ಒಣಗೇ ಇದೆ.