ಚಾರ್ಲ್‌ಸ್ಟನ್ನಿನ ಹಳೆಯ ಮನೆಗಳನ್ನು ಹಿತ್ತಲಿನಿಂದ ನೋಡಿದ ಅನುಭವ

ಅಮೆರಿಕದ ಸೌತ್ ಕ್ಯಾರೊಲಿನಾದ ಕರಾವಳಿ ನಗರವಾದ ಚಾರ್ಲ್‌ಸ್ಟನ್ನಿನಲ್ಲಿ ಸಾರ್ವಜನಿಕರಿಗೆ ತೆರೆದಿರುವ ಹಳೆಯ ಮನೆಗಳು ಹಲವಾರಿವೆ. ಅವುಗಳ ದಿವಾನಖಾನೆಗಳು ಎಷ್ಟು ಸುಂದರವಾಗಿವೆಯೆಂದರೆ, ಅಲ್ಲಿಂದಲೇ ಆರಂಭಿಸಿದವರಿಗೆ ಉಳಿದದ್ದು ಕಣ್ಣಿಗೆ ಬೀಳುವುದೇ ಕಷ್ಟ. ಆದ್ದರಿಂದ ನಾನು ಮೊದಲು ಬೀದಿಯನ್ನು, ಅನಂತರ ಹಿತ್ತಲನ್ನು, ಎಲ್ಲಕ್ಕಿಂತ ಕೊನೆಗೆ ಅಲಂಕೃತ ಕೋಣೆಗಳನ್ನು ನೋಡುವ ಕ್ರಮವನ್ನು ಹಾಕಿಕೊಂಡೆ.

ಬಿಸಿಲೇರುವ ಮುನ್ನ ಚರ್ಚ್ ಸ್ಟ್ರೀಟಿನಲ್ಲಿ ನಿಧಾನವಾಗಿ ನಡೆದರೆ ಈ ಊರಿನ ಮನೆಗಳ ತರ್ಕ ಅರ್ಥವಾಗುತ್ತದೆ. 'ಸಿಂಗಲ್ ಹೌಸ್' ಎಂದು ಕರೆಯುವ ಇಲ್ಲಿನ ವಿಶಿಷ್ಟ ಮನೆಗೆ ಒಂದೇ ಕೋಣೆಯಷ್ಟು ಅಗಲ. ಕಿರಿದಾದ ಬದಿ ಬೀದಿಗೆ ಮುಖಮಾಡಿದ್ದು, ಮನೆ ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತದೆ. ಬೀದಿಯ ಬಾಗಿಲು ತೆರೆಯುವುದು ಮನೆಯೊಳಕ್ಕಲ್ಲ, 'ಪಿಯಾಜಾ' ಎಂಬ ಪಕ್ಕದ ಜಗಲಿಗೆ. ಆ ಜಗಲಿ ಹೆಚ್ಚಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರುವುದರಿಂದ ಗೋಡೆಗೆ ನೆರಳೂ ಕೋಣೆಗಳಿಗೆ ಗಾಳಿಯೂ ದೊರೆಯುತ್ತವೆ. ಹಲವು ಗೋಡೆಗಳ ಮೇಲೆ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ; 1886ರ ಆಗಸ್ಟ್ 31ರ ಭೂಕಂಪದ ಬಳಿಕ ಎದುರುಬದುರಿನ ಗೋಡೆಗಳನ್ನು ಬಿಗಿದು ಹಿಡಿಯಲು ಮನೆಯೊಳಗೆ ಹಾಯಿಸಿದ ಸಲಾಕೆಗಳ ತುದಿಗಳವು.

ನಾನು ಮೊದಲು ಒಳಹೊಕ್ಕದ್ದು ಎಲಿಜಬೆತ್ ಸ್ಟ್ರೀಟಿನ ಏಕನ್-ರೆಟ್ ಮನೆಯನ್ನು. 1820ರ ಸುಮಾರಿಗೆ ಕಟ್ಟಿದ ಈ ಮನೆಯನ್ನು, ಮುಂದೆ ರಾಜ್ಯದ ಗವರ್ನರ್ ಆದ ವಿಲಿಯಂ ಏಕನ್ ವಿಸ್ತರಿಸಿದರು. ಅವರ ಸಂಪತ್ತಿನ ದೊಡ್ಡ ಮೂಲ ಜೆಹೋಸಿ ದ್ವೀಪದ ಭತ್ತದ ಎಸ್ಟೇಟು, ಅಂದರೆ ಅಲ್ಲಿ ಗುಲಾಮಗಿರಿಗೆ ಒಳಗಾಗಿ ಗೇಯುತ್ತಿದ್ದ ನೂರಾರು ಜನರ ದುಡಿಮೆ. ಇಲ್ಲಿ ಮಾರ್ಗದರ್ಶಕರ ಅವಸರವಿಲ್ಲದೆ ಧ್ವನಿಮುದ್ರಿತ ವಿವರಣೆ ಕೇಳುತ್ತ ನಮ್ಮ ಗತಿಯಲ್ಲೇ ನಡೆಯಬಹುದಾದ್ದರಿಂದ ನಾನು ಹಿತ್ತಲಿನಲ್ಲೇ ಬಹಳ ಹೊತ್ತು ಕಳೆದೆ. ಒಂದು ಬದಿಗೆ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೋಣೆ, ಇನ್ನೊಂದು ಬದಿಗೆ ಕುದುರೆ ಲಾಯ. ಅವುಗಳ ಮೇಲಂತಸ್ತಿನಲ್ಲಿ ಆ ಕೆಲಸಗಳನ್ನೆಲ್ಲ ಮಾಡುತ್ತಿದ್ದವರ ವಾಸ. ಅಂಗಳದ ಸುತ್ತ ಎತ್ತರದ ಗೋಡೆ. ಊಟದ ಕೋಣೆಗೆ ತಟ್ಟೆ ಹೋಗುತ್ತಿದ್ದ ದಾರಿಯನ್ನು ಅಡುಗೆಮನೆಯಿಂದ ನಾನೇ ನಡೆದು ನೋಡಿದ ಮೇಲೆ ಒಳಗಿನ ದೀಪಗುಚ್ಛಗಳನ್ನು ಬೇರೆಯೇ ಕಣ್ಣಿನಿಂದ ಕಂಡೆ. ಈ ಮನೆಯನ್ನು ಹೊಸದಾಗಿಸದೆ, ಸಿಕ್ಕ ಸ್ಥಿತಿಯಲ್ಲೇ ಸಂರಕ್ಷಿಸಿರುವುದರಿಂದ ಕಿತ್ತುಬರುತ್ತಿರುವ ಗೋಡೆಕಾಗದವೂ ಮಾಸಿದ ಬಣ್ಣವೂ ಹಾಗೆಯೇ ಇವೆ. ಇಂಥ ಸಂಯಮ ಎಲ್ಲ ಮನೆಗಳಿಗೂ ಒಗ್ಗದಿರಬಹುದು; ಇಲ್ಲಿ ಮಾತ್ರ ಅದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಇದಾದ ಮೇಲೆಯೇ ಮೀಟಿಂಗ್ ಸ್ಟ್ರೀಟಿನ ನೆಥನಿಯಲ್ ರಸೆಲ್ ಮನೆಗೆ ಹೋದೆ. 1808ರಲ್ಲಿ ಪೂರ್ಣಗೊಂಡ ಈ ಮನೆಯಲ್ಲಿ ಅಂಡಾಕಾರದ ಮೆಟ್ಟಿಲುಸಾಲು ಗೋಡೆಯ ಆಸರೆಯಿಲ್ಲದಂತೆ ಮೂರು ಅಂತಸ್ತು ಸುತ್ತಿಕೊಂಡು ಏರುತ್ತದೆ. ಅದನ್ನು ಕೆಳಗಿನಿಂದ ನೋಡಿ ಬೆರಗಾಗದವರಿರಲಾರರು. ಆದರೆ ರಸೆಲ್ ವ್ಯಾಪಾರ ಮಾಡಿದ ಸರಕುಗಳಲ್ಲಿ ಮನುಷ್ಯರೂ ಇದ್ದರು. ಇದೇ ಮನೆಯ ಅಡುಗೆ ಕಟ್ಟಡದ ಗೋಡೆಯೊಳಗಿನ ಇಲಿಗೂಡಿನಲ್ಲಿ 1830ರ ದಶಕದ ಓದು ಕಲಿಸುವ ಪುಸ್ತಕದ ಚೂರು ಸಂಶೋಧಕರಿಗೆ ದೊರೆತಿದೆ. 1834ರಲ್ಲಿ ಈ ರಾಜ್ಯ ಗುಲಾಮರಿಗೆ ಓದು ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಆ ಮೆಟ್ಟಿಲುಗಳಿಗಿಂತ ಈ ಚೂರಿನ ಬಗ್ಗೆಯೇ ಮಾರ್ಗದರ್ಶಕರನ್ನು ನಾನು ಹೆಚ್ಚು ಕೇಳಿದೆ.

1791ರಲ್ಲಿ ಜಾರ್ಜ್ ವಾಷಿಂಗ್ಟನ್ ತಂಗಿದ್ದ ಹೇವರ್ಡ್-ವಾಷಿಂಗ್ಟನ್ ಮನೆಯಲ್ಲಿಯೂ ಹಿಂದಿನ ಅಡುಗೆ ಕಟ್ಟಡವನ್ನು ನೋಡಬಹುದು. ಒಂದು ದಿನದಲ್ಲಿ ಎರಡಕ್ಕಿಂತ ಹೆಚ್ಚು ಮನೆಗಳನ್ನು ನೋಡಹೊರಟರೆ ಕೋಣೆಗಳು ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಒಂದನ್ನೇ ನೋಡಲು ಸಮಯವಿರುವವರು ಏಕನ್-ರೆಟ್ ಮನೆಯನ್ನು ಆರಿಸಿಕೊಂಡು, ಹಿತ್ತಲಿಗೆ ಕನಿಷ್ಠ ಅರ್ಧದಷ್ಟು ಹೊತ್ತನ್ನು ಮೀಸಲಿಡಲಿ.